ಬಸ್ಸಿನಾಗ ಹೊತ್ಕೊಂಡು ಹೋಗೋ ಆಂಪ್: ಲ್ಯಾಪ್ ಸ್ಟೀಲ್ ನುಡಿಸೋರಿಗೆ

ಲ್ಯಾಪ್ ಸ್ಟೀಲ್ ಅಂದ್ರೆ ತೊಡೆ ಮೇಲೆ ಅಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುವ ಗಿಟಾರ್. ಹಳಬರು ಇದನ್ನ ಹವಾಯಿಯನ್ ಗಿಟಾರ್ ಅಂತಾರೆ. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ರಾಗ ನುಡಿಸುವ ಸ್ಲೈಡ್ ಗಿಟಾರ್, 1994ರಲ್ಲಿ ಗ್ರ್ಯಾಮಿ ಪಡೆದ ವಿಶ್ವಮೋಹನ ಭಟ್ಟರ ಮೋಹನವೀಣೆ, ಎಲ್ಲ ಇದೇ ಬಳಗ. ಆದರೆ ಮೋಹನವೀಣೆಯ ಹೊಟ್ಟೆ ಟೊಳ್ಳು, ಮುಂದೆ ಒಂದು ಮೈಕ್ ಇಟ್ಟರೆ ಸಾಕು. ಎಲೆಕ್ಟ್ರಿಕ್ ಲ್ಯಾಪ್ ಸ್ಟೀಲ್ ಬರೀ ಗಟ್ಟಿ ಹಲಗೆ. ಆಂಪ್ ಇಲ್ಲಂದ್ರೆ ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳಲ್ಲ. 1930ರ ದಶಕದ ಆರಂಭದಲ್ಲಿ ರಿಕನ್‌ಬ್ಯಾಕರ್ ಮಾರಿದ, ಬಾಣಲೆ ಆಕಾರದ ಮೊದಲ ಎಲೆಕ್ಟ್ರಿಕ್ ಗಿಟಾರ್ ಕೂಡ ಲ್ಯಾಪ್ ಸ್ಟೀಲೇ. ಅಂದರೆ ಈ ವಾದ್ಯದಲ್ಲಿ ಅರ್ಧ ಮಾತ್ರ ತೊಡೆ ಮೇಲಿರುತ್ತೆ, ಇನ್ನರ್ಧ ನೆಲದ ಮೇಲೆ.

ನಾವು ಮೂವರು. ಒಬ್ಬರ ಮನೆ ಯಾದಗಿರಿ, ಒಬ್ಬರದು ಶಹಾಪುರ, ಇನ್ನೊಬ್ಬರದು ಸುರಪುರ. ವಾದ್ಯ ಒಂದೇ, ಸರದಿ ಪ್ರಕಾರ ಕೆಂಪು ಬಸ್ಸಿನಲ್ಲಿ ಊರಿಂದ ಊರಿಗೆ ಹೋಗುತ್ತೆ. ಹೆಗಲಿಗೆ ಗಿಟಾರ್, ಬೆನ್ನಿಗೆ ಬ್ಯಾಗ್, ಉಳಿದಿದ್ದು ಒಂದೇ ಕೈ. ಆ ಒಂದು ಕೈ ಎಷ್ಟು ಕೆಜಿ ಎತ್ತುತ್ತೆ ಅನ್ನೋದೇ ನಮ್ಮ ಮೊದಲ ಸ್ಪೆಸಿಫಿಕೇಶನ್.

ಹಳೇ ಮಾದರಿಯ ವಾಲ್ವ್ ಆಂಪ್ ಯಾಕೆ ಅಷ್ಟು ಭಾರ? ಉತ್ತರ ನಮ್ಮ ಸಿಲೆಬಸ್ಸಿನಲ್ಲೇ ಇದೆ: E = 4.44 f N Φ. ಫ್ರೀಕ್ವೆನ್ಸಿ 50 ಹರ್ಟ್ಸ್ ಇದ್ದಾಗ ಬೇಕಾದ ವೋಲ್ಟೇಜ್ ಸಿಗಬೇಕಾದರೆ ಫ್ಲಕ್ಸ್ ಜಾಸ್ತಿ ಬೇಕು, ಸುತ್ತು ಜಾಸ್ತಿ ಬೇಕು. ಅಂದರೆ ದಪ್ಪ ಕಬ್ಬಿಣದ ಕೋರ್, ಕಿಲೋಗಟ್ಟಲೆ ತಾಮ್ರ. ಅದೇ ಕೆಲಸವನ್ನ 1 ಲಕ್ಷ ಹರ್ಟ್ಸ್ ಆಸುಪಾಸಿನಲ್ಲಿ ಮಾಡಿದರೆ ಟ್ರಾನ್ಸ್‌ಫಾರ್ಮರ್ ಬೆಂಕಿಪೊಟ್ಟಣದಷ್ಟಾಗುತ್ತೆ. ಅದೇ ಎಸ್‌ಎಂಪಿಎಸ್, ನಿಮ್ಮ ಫೋನ್ ಚಾರ್ಜರ್‌ನಲ್ಲಿರೋದು. ಜೊತೆಗೆ ಕ್ಲಾಸ್ ಡಿ ಸರ್ಕ್ಯೂಟ್ ಸೇರಿದರೆ ಎಫಿಶಿಯೆನ್ಸಿ ಶೇ. 90ರ ಹತ್ತಿರ, ಹೀಟ್‌ಸಿಂಕ್ ಸಣ್ಣದು. ಸ್ಪೀಕರ್ ಮ್ಯಾಗ್ನೆಟ್ ಫೆರೈಟ್ ಬದಲು ನಿಯೋಡಿಮಿಯಂ ಆದರೆ ಇನ್ನಷ್ಟು ಹಗುರ. ಫೆಂಡರ್ ಡಿಲಕ್ಸ್ ರಿವರ್ಬ್‌ನ ವಾಲ್ವ್ ಆವೃತ್ತಿ ಸುಮಾರು 19 ಕೆಜಿ, ಅದನ್ನೇ ಅನುಕರಿಸುವ ಟೋನ್ ಮಾಸ್ಟರ್ ಸುಮಾರು 10 ಕೆಜಿ. ಎರಡೂ ನಮ್ಮ ಜೇಬಿಗೆ ಆಗದವು, ಹೋಲಿಕೆಗೆ ಹೇಳಿದ್ವಿ ಅಷ್ಟೇ.

ಇನ್ನು ವ್ಯಾಟ್. ಅಂಗಡಿಯವರು ಮೊದಲು ಹೇಳೋದೇ ಇದನ್ನ, ಆದರೆ ಬರೀ ವ್ಯಾಟ್ ನೋಡಿದರೆ ಏನೂ ತಿಳಿಯಲ್ಲ. ವ್ಯಾಟ್ ಎರಡು ಪಟ್ಟಾದರೆ ಸಿಗೋದು 3 ಡೆಸಿಬಲ್ ಮಾತ್ರ. ಸ್ಪೀಕರ್‌ನ ಸೆನ್ಸಿಟಿವಿಟಿ, ಅಂದರೆ 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದ ಸದ್ದು, ಅದನ್ನ ಕೇಳಿ. 97 ಡೆಸಿಬಲ್ ಸ್ಪೀಕರ್‌ಗೆ 5 ವ್ಯಾಟ್ ಕೊಟ್ಟರೆ 104 ಡೆಸಿಬಲ್. 90ರ ಸ್ಪೀಕರ್‌ಗೆ 20 ವ್ಯಾಟ್ ಕೊಟ್ಟರೂ 103. ನಾಲ್ಕು ಪಟ್ಟು ವ್ಯಾಟ್ ಕೊಟ್ಟೂ ಒಂದು ಡೆಸಿಬಲ್ ಹಿಂದೆ!

ಲ್ಯಾಪ್ ಸ್ಟೀಲ್‌ಗೆ ಇನ್ನೊಂದು ಬೇಡಿಕೆ ಇದೆ. ರಾಕ್ ಗಿಟಾರ್‌ನಲ್ಲಿ ಸದ್ದು ಒಡೆದರೆ ಅದೇ ಚಂದ. ಇಲ್ಲಿ ಸ್ವರ ಜಾರುತ್ತ ಹೋಗಬೇಕು, ಒಡೆದರೆ ಮೀಂಡ್ ಸತ್ತು ಹೋಗುತ್ತೆ. ಬೆರಳಿಗೆ ಪಿಕ್ ಹಾಕಿ ಮೀಟಿದ ಕ್ಷಣ ಬರುವ ಹೊಡೆತ ಸರಾಸರಿ ಸದ್ದಿಗಿಂತ 10 ಡೆಸಿಬಲ್ ಮೇಲಿದ್ದರೆ, ಆ ಕ್ಷಣಕ್ಕೆ ಹತ್ತು ಪಟ್ಟು ಪವರ್ ಬೇಕು. 50 ವ್ಯಾಟ್ ಆಂಪ್‌ನಲ್ಲಿ ನೀವು ನೆಮ್ಮದಿಯಿಂದ ಬಳಸೋದು 5 ವ್ಯಾಟ್. ಉಳಿದ 45 ಆ ಹೊಡೆತಕ್ಕೆ ಮೀಸಲು. ಹಾಗಾಗಿ ರೋಲೆಂಡ್ ಮೈಕ್ರೋ ಕ್ಯೂಬ್ ಜಿಎಕ್ಸ್ (3 ವ್ಯಾಟ್, 2.7 ಕೆಜಿ) ಹಾಸ್ಟೆಲ್ ರೂಮಿಗೆ ಧಾರಾಳ ಸಾಕು, ಅಂಗಳಕ್ಕೆ ಸಾಲಲ್ಲ.

ಅಂಗಳ ಯಾಕೆ ಬಂತು ಅಂದ್ರೆ, ನಮಗೆ ನುಡಿಸಬೇಕಾಗಿರೋದು ಅಲ್ಲೇ. ಸುರಪುರದ ಗೆಳೆಯನ ಅಜ್ಜ ತತ್ವಪದ ಹಾಡ್ತಾರೆ. ತಿಂಥಣಿ ಮೌನೇಶ್ವರನ ನಾಡು, ಅಲ್ಲಿ ಭಜನೆ ಅಂದ್ರೆ ಹಾರ್ಮೋನಿಯಂ, ತಬಲಾ, ತಾಳ, ಏಕತಾರಿ. ಹಾರ್ಮೋನಿಯಂಗೆ ಜಾರು ಸ್ವರ ಬರಲ್ಲ, ಸ್ಟೀಲ್‌ಗೆ ಬರುತ್ತೆ. ಅಜ್ಜ ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ: "ನಿಮ್ಮ ಡಬ್ಬಿ ನನ್ನ ದನಿ ಮ್ಯಾಲ ಹತ್ತಬಾರ್ದು ನೋಡ್ರಪ." ಅಜ್ಜನ ವಯಸ್ಸು ನೋಡಿದರೆ ನಮಗೆ ಪ್ರಯೋಗ ಮಾಡುತ್ತಾ ಕೂರೋಕೆ ತುಂಬಾ ವರ್ಷ ಇಲ್ಲ.

ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತೆ. 8 ಮೀಟರ್‌ಗೆ ಬರುವಷ್ಟರಲ್ಲಿ 18 ಹೋಯ್ತು. ಹಿಂದೆ ಕೂತವರಿಗೆ ಕೇಳಲಿ ಅಂತ ವಾಲ್ಯೂಮ್ ಏರಿಸಿದರೆ ಪಕ್ಕದ ಅಜ್ಜನ ಕಿವಿಗೆ ಬಡಿಯುತ್ತೆ. ಆದ್ದರಿಂದ ಆಂಪ್‌ನ್ನ ಹಾಡುವವರ ಪಕ್ಕ ಇಡದೆ ಎರಡು ಹೆಜ್ಜೆ ಮುಂದೆ, ಜನರ ಕಡೆ ಮುಖ ಮಾಡಿ ಇಡಿ. ಜಾತ್ರೆಯಷ್ಟು ಜನ ಇದ್ದರೆ ಮೈಕ್‌ಸೆಟ್‌ಗೇ ಸಿಗ್ನಲ್ ಕೊಡಬೇಕು. ಆದರೆ ಗಿಟಾರ್ ವಯರನ್ನ ನೇರ ಮಿಕ್ಸರ್‌ಗೆ ಚುಚ್ಚಬೇಡಿ. ಪಿಕಪ್ ಬಯಸೋದು 1 ಮೆಗಾಓಮ್ ಆಸುಪಾಸಿನ ಇನ್‌ಪುಟ್, ಮಿಕ್ಸರ್‌ನ ಲೈನ್ ಇನ್‌ಪುಟ್ ಅದರ ಮುಂದೆ ತೀರಾ ಕಡಿಮೆ, ಮೇಲಿನ ಸ್ವರಗಳ ಹೊಳಪೇ ಹೋಗಿಬಿಡುತ್ತೆ. ಲೈನ್ ಔಟ್ ಇರೋ ಆಂಪ್ ಆದರೆ ಈ ತಲೆನೋವಿಲ್ಲ.

ಕರೆಂಟ್ ವಿಷಯ ಹೇಳೋದೇ ಬೇಡ. ಬ್ಯಾಟರಿಯಲ್ಲೂ ನಡೆಯೋ ಆಂಪ್ ಇದ್ದರೆ ಪದದ ನಡುವೆ ಸ್ಟೀಲ್ ಮೂಕ ಆಗಲ್ಲ. ಮನೆಯ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಹಚ್ಚಿದರೆ ಬುರ್ರ್ ಅನ್ನೋ ಸದ್ದು ಸೇರೋ ಸಾಧ್ಯತೆ ಜಾಸ್ತಿ. ಸಿಂಗಲ್ ಕಾಯಿಲ್ ಪಿಕಪ್ ಅಂತೂ ಹತ್ತಿರದ ವೈರಿಂಗ್, ಚೋಕ್ ಎಲ್ಲದರಿಂದ 50 ಹರ್ಟ್ಸ್ ಗುಂಯ್ ಎಳೆದುಕೊಳ್ಳುತ್ತೆ, ಬ್ಯಾಟರಿ ಹಾಕಿದರೂ. ಇದಕ್ಕೆ ಪುಕ್ಕಟೆ ಮದ್ದು: ಕೂತಲ್ಲೇ ನಿಧಾನ ತಿರುಗಿ. ಒಂದು ದಿಕ್ಕಿನಲ್ಲಿ ಗುಂಯ್ ತೀರಾ ಕಡಿಮೆ ಆಗುತ್ತೆ, ಅಲ್ಲೇ ಚಾಪೆ ಹಾಸಿ.

ಸದ್ಯ ನಮ್ಮ ಮನಸ್ಸು ರೋಲೆಂಡ್ ಕ್ಯೂಬ್ ಸ್ಟ್ರೀಟ್ ಇಎಕ್ಸ್ ಕಡೆ ಇದೆ: 50 ವ್ಯಾಟ್, 8 ಇಂಚಿನ ಎರಡು ಸ್ಪೀಕರ್, 8 ಪೆನ್‌ಸೆಲ್, 7.4 ಕೆಜಿ, ಲೈನ್ ಔಟ್ ಕೂಡ ಉಂಟು. ಮೂವರು ಹಂಚಿಕೊಂಡರೂ ಹೊಸದು ದುಬಾರಿ, ಸೆಕೆಂಡ್ ಹ್ಯಾಂಡ್ ಹುಡುಕ್ತಿದ್ದೀವಿ. ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ ಸಿಕ್ಕರೆ ಸ್ಟೀಲ್ ಜೊತೆಗೇ ಒಯ್ಯುತ್ತೀವಿ. ದಪ್ಪ ತಂತಿಯನ್ನ ಬಿಟ್ಟು ಜೋರಾಗಿ ಮೀಟಿ ಒಡೆಯುತ್ತಾ ನೋಡೋದು, ಆಮೇಲೆ ಆಂಪ್‌ನ್ನ ಒಂದೇ ಕೈಯಲ್ಲಿ ಹಿಡಿದು ಅಂಗಡಿಯಿಂದ ಬಸ್‌ಸ್ಟ್ಯಾಂಡ್‌ವರೆಗೆ ಒಯ್ಯೋಕೆ ಆಗುತ್ತಾ ಅಂತ ಅಲ್ಲೇ ಎತ್ತಿ ನೋಡೋದು.