ಸಾಮ್ರಾಟನ ಅರಮನೆಯಲ್ಲಿ ನಿದ್ದೆಯಿಲ್ಲ

ಹಾಸ್ಟೆಲ್ ಎಂದೊಡನೆ ನನಗೆ ನೆನಪಾಗುವುದು ಮುದ್ದೆ-ಸಾರು, ಹತ್ತಕ್ಕೆ ಆರುವ ದೀಪ. ನಮ್ಮ ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲೇರಿದ ನಾನು ಓದಿದ್ದು ಅದರಿಂದಲೇ. ಕ್ರೊಯೇಷಿಯಾದ ಕಡಲತೀರದ ಸ್ಪ್ಲಿಟ್ ನಗರದಲ್ಲಿ ಆ ಮಾತಿಗೆ ಬೇರೊಂದು ಅರ್ಥವೂ ಉಂಟು: ದೇಶದೇಶಗಳ ತರುಣರು ಅಂತಸ್ತಿನ ಮಂಚಗಳಲ್ಲಿ ತಂಗಿ, ರಾತ್ರಿ ಗುಂಪುಗೂಡಿ ಒಂದು ಪಾನಗೃಹದಿಂದ ಇನ್ನೊಂದಕ್ಕೆ ಹೊರಡುವ ಬಿಡಾರ.

ರೋಮಿನ ಸಾಮ್ರಾಟ ಡಯೊಕ್ಲೀಷಿಯನ್ 305ರಲ್ಲಿ ಪಟ್ಟ ತೊರೆದು ವಿಶ್ರಾಂತಿಗೆಂದು ಬಂದದ್ದು ಇಲ್ಲಿನ ಅರಮನೆಗೇ. ಮರಳಿ ಆಳಲು ಕರೆದವರಿಗೆ, ತಾನು ಬೆಳೆದ ಎಲೆಕೋಸನ್ನು ಹೊಗಳಿ ಕಳುಹಿಸಿದನಂತೆ! ಏಳನೆಯ ಶತಮಾನದಲ್ಲಿ ಸಲೋನಾದ ನಿರಾಶ್ರಿತರು ಆ ಗೋಡೆಗಳೊಳಗೆ ಸಂಸಾರ ಹೂಡಿದರು. 1979ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಅಲ್ಲಿ ಇಂದಿಗೂ ಜನರು ವಾಸವಾಗಿದ್ದಾರೆ. ಆದರೆ ಪ್ರವಾಸಿಗರ ಬಾಡಿಗೆಯ ಲಾಭದಿಂದ ಮನೆಗಳು ತಂಗುಕೋಣೆಗಳಾಗಿ, ಹಳಬರು ಕಡಿಮೆಯಾಗುತ್ತಿದ್ದಾರೆ. ಇಕ್ಕಟ್ಟಾದ ಕಲ್ಲಿನ ಓಣಿಯಲ್ಲಿ ಒಬ್ಬನ ನಗೆ ಹತ್ತು ಕಿಟಕಿಗಳಿಗೆ ಕೇಳುತ್ತದೆ. ತರುಣರ ಸಂತೋಷವನ್ನು ನಾನು ಹಳಿಯಲಾರೆ, ನನಗೂ ಇಪ್ಪತ್ತೇ. ಆದರೂ ಆ ಕಿಟಕಿಗಳ ಹಿಂದೆ, ನಸುಕಿಗೆ ಎದ್ದು ಕೆಲಸಕ್ಕೆ ಹೋಗಬೇಕಾದವರೂ ಮಲಗಿರುತ್ತಾರೆ.