ಮರೆತರೂ ಮುನಿಯದ ಗಿಡ

ಮೇ ತಿಂಗಳಲ್ಲಿ ಊರಿಗೆ ಹೊರಡುವ ದಿನ ಹತ್ತಿರ ಬಂತೆಂದರೆ ನಮ್ಮ ಮುಂಬಯಿಯ ಗೃಹಿಣಿಯರಿಗೆ ಎಷ್ಟೊಂದು ಚಿಂತೆ! ಹಾಲಿನವನಿಗೆ ಹೇಳಬೇಕು, ಫ್ರಿಜ್ ಖಾಲಿ ಮಾಡಬೇಕು, ಗ್ಯಾಸ್ ಮುಚ್ಚಬೇಕು. ಇವೆಲ್ಲ ಮುಗಿದ ಮೇಲೂ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ. ಗಿಡಗಳಿಗೆ ನೀರು ಹಾಕುವವರು ಯಾರು? ಪಕ್ಕದ ಮನೆಯವರಿಗೆ ಕೀಲಿಕೈ ಕೊಡಲು ಸಂಕೋಚ, ಕೊಡದಿದ್ದರೆ ಗಿಡ ಒಣಗುವ ಸಂಕಟ. ಹಾಗೆಂದು ಹಸಿರಿಲ್ಲದ ಮನೆಯಲ್ಲಿರಲು ಮನಸ್ಸು ಒಪ್ಪದು. ಅಂಥವರಿಗೆ ಹೇಳಿ ಮಾಡಿಸಿದಂಥ ಗಿಡವೊಂದರ ಪರಿಚಯ ಇಲ್ಲಿದೆ.

ಕತ್ತಿಯಂತೆ ನೆಟ್ಟಗೆ ನಿಂತ ದಪ್ಪ ಎಲೆಗಳು, ಅವುಗಳ ಮೇಲೆ ಹಾವಿನ ಮೈಯಂಥ ಅಡ್ಡಪಟ್ಟೆಗಳು. ಬ್ಯಾಂಕುಗಳಲ್ಲಿ, ಡಾಕ್ಟರರ ದವಾಖಾನೆಗಳಲ್ಲಿ ನೀವು ನೋಡಿರುತ್ತೀರಿ. ನರ್ಸರಿಯಲ್ಲಿ 'ಸ್ನೇಕ್ ಪ್ಲಾಂಟ್' ಎಂದು ಕೇಳಿದರೆ ಸಾಕು, ಕೊಡುತ್ತಾರೆ. ಬಹುಕಾಲ ಸಾನ್ಸವೇರಿಯಾ ಎನಿಸಿಕೊಂಡಿದ್ದ ಇದನ್ನು ಸಸ್ಯಶಾಸ್ತ್ರಜ್ಞರು 2017ರಲ್ಲಿ ಡ್ರಸೀನಾ ಕುಲಕ್ಕೆ ಸೇರಿಸಿದರು. ಎಲೆಯ ತುದಿ ಚೂಪಾಗಿರುವುದರಿಂದ ಇಂಗ್ಲಿಷಿನವರು 'ಅತ್ತೆಯ ನಾಲಿಗೆ' ಎಂದೂ ಕರೆಯುತ್ತಾರೆ. ನಾನೂ ಅತ್ತೆಯಾಗಿರುವುದರಿಂದ ಆ ಹೆಸರನ್ನು ಇಲ್ಲಿಗೇ ಬಿಡೋಣ! ಇದರ ತವರು ಪಶ್ಚಿಮ ಆಫ್ರಿಕಾ. ನಮ್ಮ ದೇಶದಲ್ಲೂ ಇದರ ಸೋದರಿಯೊಂದು ಬೆಳೆಯುತ್ತದೆ. ಅದರ ನಾರಿನಿಂದ ಹಿಂದೆ ಬಿಲ್ಲಿನ ಹೆದೆ ಹೊಸೆಯುತ್ತಿದ್ದರಂತೆ.

ಈ ಗಿಡದ ಸಂಸಾರದ ಗುಟ್ಟು ಮಿತವ್ಯಯ. ಎಲೆಯಲ್ಲೂ ಮಣ್ಣಿನೊಳಗಿನ ಗೆಡ್ಡೆಯಂಥ ಕಾಂಡದಲ್ಲೂ ನೀರನ್ನು ಕೂಡಿಡುತ್ತದೆ. ಹೆಚ್ಚಿನ ಗಿಡಗಳು ಹಗಲಲ್ಲಿ ಎಲೆಯ ಸೂಕ್ಷ್ಮರಂಧ್ರಗಳನ್ನು ತೆರೆದರೆ, ಇದು ಬಿಸಿಲಿಳಿದ ಮೇಲೆ ರಾತ್ರಿ ತೆರೆಯುತ್ತದೆ. ಆಗ ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು ಆಮ್ಲದ ರೂಪದಲ್ಲಿಟ್ಟುಕೊಂಡು, ಮರುದಿನದ ಬೆಳಕಿನಲ್ಲಿ ಅಡುಗೆಗೆ ಬಳಸುತ್ತದೆ. ಹೀಗಾಗಿ ಆವಿಯಾಗಿ ಹೋಗುವ ನೀರು ಬಹಳ ಕಡಿಮೆ.

ಇಷ್ಟು ಗಟ್ಟಿ ಗಿಡವೂ ಸಾಯುತ್ತದೆ. ಯಾವುದರಿಂದ ಗೊತ್ತೇ? ನಮ್ಮ ಉಪಚಾರದಿಂದ! ನಮ್ಮ ಕಟ್ಟಡದ ಹಿರಿಯ ಮಹಿಳೆಯೊಬ್ಬರಿಗೆ ಮಗ ವಿದೇಶಕ್ಕೆ ಹೊರಡುವ ಮುನ್ನ ಈ ಗಿಡ ತಂದುಕೊಟ್ಟಿದ್ದ. ಮಗನ ಗಿಡವೆಂದು ಅವರು ದಿನಾ ಬೆಳಿಗ್ಗೆ ತುಳಸಿಗೆ ನೀರೆರೆದು, ಇದಕ್ಕೂ ಒಂದು ಚೊಂಬು ಹಾಕುತ್ತಿದ್ದರು. ಜುಲೈ ಬಂದಾಗ ಎಲೆಗಳು ಬುಡದಲ್ಲಿ ಹಳದಿಯಾಗಿ, ಮೆತ್ತಗಾಗಿ ಒಂದೊಂದೇ ಮಗುಚಿದವು. ಬಾಡಿತೆಂದು ಅವರು ನೀರನ್ನು ಇನ್ನಷ್ಟು ಹೆಚ್ಚಿಸಿದರು. ನನ್ನನ್ನು ಕರೆದಾಗ ಬೇರೆಲ್ಲ ಕೊಳೆತು ವಾಸನೆ ಬರುತ್ತಿತ್ತು. ಗಟ್ಟಿಯಾಗಿದ್ದ ಮೂರು ಎಲೆಗಳನ್ನು ಕೊಯ್ದು ಮೂರು ದಿನ ನೆರಳಿನಲ್ಲಿ ಒಣಗಿಸಿ ನೆಟ್ಟೆವು. ತಿಂಗಳುಗಟ್ಟಲೆ ಏನೂ ಕಾಣಲಿಲ್ಲ. "ಸುಮ್ಮನಿರುವುದೇ ಕಷ್ಟ ಕಣ್ರೀ" ಎಂದು ಅವರು ದಿನಾ ಹೇಳುತ್ತಿದ್ದರು. ಆದರೂ ತಡೆದುಕೊಂಡರು. ಯುಗಾದಿಯ ಹೊತ್ತಿಗೆ ಎರಡು ಮರಿಗಳು ಮಣ್ಣಿನಿಂದ ತಲೆ ಎತ್ತಿದವು. ಈಗ ಪ್ರತಿ ಎಲೆ ಬಂದಾಗಲೂ ಮಗನಿಗೆ ಫೋಟೋ ಹೋಗುತ್ತದೆ. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಇನ್ನು ಆರೈಕೆಯ ಮಾತು. ತಳದಲ್ಲಿ ತೂತಿರುವ ಮಣ್ಣಿನ ಕುಂಡ ಉತ್ತಮ. ಕೆಂಪು ಮಣ್ಣಿಗೆ ದಪ್ಪ ಮರಳು, ಇಟ್ಟಿಗೆ ಚೂರು ಧಾರಾಳವಾಗಿ ಬೆರೆಸಿ, ನೀರು ನಿಲ್ಲದಂತೆ ಮಾಡಿ. ವಾರದ ಲೆಕ್ಕ ಹಿಡಿದು ನೀರು ಹಾಕಬೇಡಿ. ಒಂದು ಬಿದಿರು ಕಡ್ಡಿಯನ್ನು ಮಣ್ಣಿನ ಆಳಕ್ಕೆ ಚುಚ್ಚಿ ತೆಗೆಯಿರಿ. ಮಣ್ಣು ಅಂಟಿಕೊಂಡರೆ ಇನ್ನೂ ಕಾಯಿರಿ. ಒಣಗಿದ್ದರೆ ಮಾತ್ರ ನೀರು. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ನಡೆಯುತ್ತದೆ. ನೀರು ಬುಡದ ಮಣ್ಣಿಗೆ ಬೀಳಲಿ, ಎಲೆಗಳ ನಡುವಿನ ಸುಳಿಗೆ ಬೇಡ. ಕೆಳಗಿನ ತಟ್ಟೆಯಲ್ಲಿ ಇಳಿದ ನೀರನ್ನು ಆಗಲೇ ಚೆಲ್ಲಿಬಿಡಿ. ಅದು ಬೇರಿಗೂ ಕೇಡು. ಡೆಂಗ್ಯೂ ಹರಡುವ ಸೊಳ್ಳೆಗೂ ಅಂಥ ತಿಳಿನೀರೇ ತೊಟ್ಟಿಲು.

ಮಂದ ಬೆಳಕಿನ ಮೂಲೆಯಲ್ಲೂ ಬದುಕುತ್ತದೆ, ಕಿಟಕಿಯ ಹತ್ತಿರವಾದರೆ ಚೆನ್ನಾಗಿ ಬೆಳೆಯುತ್ತದೆ. ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಿಂದ ಎಲೆಯ ಧೂಳು ಒರೆಸಿ. ಎಲೆ ತುಂಡಿನಿಂದ ಸಸಿ ಮಾಡುವಾಗ ಕೆಳಭಾಗವೇ ಕೆಳಗಿರಲಿ, ತಲೆಕೆಳಗಾದರೆ ಬೇರು ಬಾರದು. ಹಳದಿ ಅಂಚಿನ ಜಾತಿಯನ್ನು ಎಲೆಯಿಂದ ಬೆಳೆಸಿದರೆ ಮರಿಗೆ ಆ ಅಂಚು ಬರುವುದಿಲ್ಲ. ಗೆಡ್ಡೆ ಸಮೇತ ಮರಿಯನ್ನೇ ಬೇರ್ಪಡಿಸಬೇಕು. ಒಂದು ಎಚ್ಚರಿಕೆ: ಎಲೆ ತಿಂದರೆ ವಾಂತಿ, ಭೇದಿ ಆದೀತು. ಅಂಬೆಗಾಲಿಡುವ ಮಗು, ಬೆಕ್ಕು, ನಾಯಿ ಇರುವ ಮನೆಯಲ್ಲಿ ಎತ್ತರದಲ್ಲಿಡಿ.

ರಾತ್ರಿಯಿಡೀ ಆಮ್ಲಜನಕ ಕೊಡುತ್ತದೆ, ಮನೆಯ ಗಾಳಿಯನ್ನೆಲ್ಲ ಶುದ್ಧ ಮಾಡುತ್ತದೆ ಎಂಬ ಸಂದೇಶಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ರಾತ್ರಿ ಇದು ಒಳಗೆಳೆಯುವುದು ಇಂಗಾಲದ ಡೈಆಕ್ಸೈಡನ್ನು. ಆಮ್ಲಜನಕ ಹೊರಬರುವುದು ಬೆಳಕಿದ್ದಾಗಲೇ. 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ನಾವು ವಾಸಿಸುವ ಕೋಣೆಗೆ ಒಂದೆರಡು ಕುಂಡ ಏನೂ ಸಾಲದು. ಗಾಳಿ ಬೇಕಾದರೆ ಕಿಟಕಿ ತೆರೆಯಿರಿ; ಗಿಡವನ್ನು ಕಣ್ಣಿನ ತಂಪಿಗೆ ಇಟ್ಟುಕೊಳ್ಳಿ.

ಊರಿಗೆ ಹೊರಡುವ ಎರಡು ದಿನ ಮೊದಲು ಕಡ್ಡಿ ಚುಚ್ಚಿ ನೋಡಿ, ಬೇಕಿದ್ದರೆ ನೀರು ಹಾಕಿ ಪೂರ್ತಿ ಬಸಿದು, ಬಿಸಿಲಿನಿಂದ ಸರಿಸಿಡಿ. ಒಂದು ತಿಂಗಳು ನಿಶ್ಚಿಂತೆಯಾಗಿ ಹೋಗಿ ಬನ್ನಿ. ಮುಂದಿನ ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಪ್ಲಾಸ್ಟಿಕ್ ಡಬ್ಬಿಯ ಬದಲು ಪುಟ್ಟ ಕುಂಡದಲ್ಲಿ ಇದರದೊಂದು ಮರಿ ಕೊಟ್ಟು ನೋಡಿ. ಜೊತೆಗೆ ಒಂದು ಮಾತನ್ನೂ ಹೇಳಲು ಮರೆಯಬೇಡಿ: "ಪ್ರೀತಿ ಎಷ್ಟಾದರೂ ಇರಲಿ, ನೀರು ಮಾತ್ರ ಕಡಿಮೆ!"