ಊರಿಗೆ ನಕ್ಷೆ ಕೊಡಿಸಿದ ಉದ್ಯಮಿ

ಕಮ್ಮಿನ್ಸ್ ಎಂಬ ಹೆಸರು ನಮ್ಮವರಿಗೆ ಹೊಸದಲ್ಲ. ಕಲ್ಯಾಣಮಂಟಪದ ಹಿಂಬದಿಯಲ್ಲೋ ಆಸ್ಪತ್ರೆಯ ಕಾಂಪೌಂಡಿನಲ್ಲೋ ಕರೆಂಟು ಹೋದೊಡನೆ ಗುಡುಗುಡು ಸದ್ದು ಮಾಡುವ ಡೀಸೆಲ್ ಜನರೇಟರಿನ ಮೇಲೆ ಆ ಹೆಸರನ್ನು ಕಂಡವರು ಬಹಳ ಮಂದಿ. 1962ರಲ್ಲಿ ಕಿರ್ಲೋಸ್ಕರ್ ಸಂಸ್ಥೆಯೊಡನೆ ಸೇರಿ ಪುಣೆಗೆ ಬಂದ ಈ ಕಂಪೆನಿಯ ತವರು ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್. 1950ರಲ್ಲಿ ಅಲ್ಲಿದ್ದ ಜನ 18 ಸಾವಿರ ಚಿಲ್ಲರೆ. ಸುತ್ತ ಮುಸುಕಿನ ಜೋಳದ ಹೊಲಗಳು, ನಡುವೆ ಒಂದು ಮುಖ್ಯರಸ್ತೆ, ಒಂದು ಹಳೆಯ ಕೋರ್ಟು. ಇಂಥ ಸಾಧಾರಣ ಊರನ್ನು ನೋಡಲು ಇಂದು ದೂರದೂರದಿಂದ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಬರುತ್ತಾರೆ. ಅವರು ನೋಡುವುದು ಅರಮನೆಯನ್ನಲ್ಲ, ಕೋಟೆಯನ್ನಲ್ಲ. ಪ್ರಾಥಮಿಕ ಶಾಲೆಗಳನ್ನು, ಅಗ್ನಿಶಾಮಕ ಠಾಣೆಯನ್ನು, ಅಂಚೆ ಕಚೇರಿಯನ್ನು!

ಈ ಬದಲಾವಣೆಗೆ ಕಾರಣರಾದವರು ಜೆ. ಇರ್ವಿನ್ ಮಿಲ್ಲರ್. ಎಂಜಿನ್ ಉದ್ಯಮಿ, ಮಾಜಿ ನೌಕಾಪಡೆ ಅಧಿಕಾರಿ, ಪಿಟೀಲು ನುಡಿಸುವ ರಸಿಕ.

ಡ್ರೈವರ್ ಕಂಡ ಕನಸು

ಮಿಲ್ಲರ್ ಹುಟ್ಟಿದ್ದು 1909ರಲ್ಲಿ, ಊರಿನ ಬ್ಯಾಂಕ್ ಮಾಲೀಕರ ಮನೆತನದಲ್ಲಿ. ಆ ಮನೆಯ ಕಾರು ಓಡಿಸುತ್ತಿದ್ದವರು ಕ್ಲೆಸಿ ಕಮ್ಮಿನ್ಸ್. ಯಂತ್ರಗಳ ಹುಚ್ಚಿನ ಈ ಡ್ರೈವರಿಗೆ ಡೀಸೆಲ್ ಎಂಜಿನ್ ಮಾಡುವ ಕನಸು. ಮಿಲ್ಲರ್ ಅವರ ತಾತನ ಪೀಳಿಗೆಯ ಡಬ್ಲ್ಯು. ಜಿ. ಇರ್ವಿನ್ ಹಣ ಹೂಡಿದರು. 1919ರಲ್ಲಿ ಕಂಪೆನಿ ಹುಟ್ಟಿತು. ಆದರೆ ಲಾಭದ ಮುಖ ಕಾಣಲು 1937ರವರೆಗೆ ಕಾಯಬೇಕಾಯಿತು.

ಯೇಲ್ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ ಓದಿ ಬಂದ ಮಿಲ್ಲರ್ 1934ರಲ್ಲಿ ಈ ನಷ್ಟದ ಕಂಪೆನಿಗೆ ಸೇರಿದರು. ದೊಡ್ಡ ನಗರಗಳಲ್ಲಿ ನೆಲೆಸುವ ಅವಕಾಶವಿದ್ದರೂ ಊರಿಗೇ ಮರಳಿದರು. ಕಾರ್ಮಿಕರು ಸಂಘ ಕಟ್ಟಿದಾಗ ಇತರ ಮಾಲೀಕರಂತೆ ಹೌಹಾರಲಿಲ್ಲ. ಕಾರ್ಮಿಕ ಸಂಘವೆಂದರೆ ಆಡಳಿತಕ್ಕೆ ಹಿಡಿದ ಕನ್ನಡಿ ಎಂಬುದು ಅವರ ನಿಲುವಾಗಿತ್ತು.

ಎರಡನೆಯ ಮಹಾಯುದ್ಧ ಅವರನ್ನು ನೌಕಾಪಡೆಗೆ ಕರೆದೊಯ್ದಿತು. ಪೆಸಿಫಿಕ್ ಸಾಗರದಲ್ಲಿ ಯುದ್ಧ ನಡೆಸುತ್ತಿದ್ದ ಲ್ಯಾಂಗ್ಲಿ ಎಂಬ ವಿಮಾನವಾಹಕ ಹಡಗಿನಲ್ಲಿ ಲೆಫ್ಟಿನೆಂಟ್ ಆಗಿ ಸೇವೆ ಸಲ್ಲಿಸಿದರು. ಮನೆಯ ಹಿರಿಯರಾದ ಇರ್ವಿನ್ ತೀರಿಕೊಂಡ ಮೇಲೆ ಕಂಪೆನಿಯ ನೊಗಕ್ಕೆ ಹೆಗಲು ಕೊಡಲು ಮರಳಿದರು. 1951ರಿಂದ 1977ರವರೆಗೆ ಅದರ ಅಧ್ಯಕ್ಷರಾಗಿದ್ದರು.

ಶುಲ್ಕ ನಮ್ಮದು, ಆಯ್ಕೆ ನಿಮ್ಮದು

ಯುದ್ಧ ಮುಗಿದ ಮೇಲೆ ಊರಲ್ಲಿ ಮಕ್ಕಳ ಸಂಖ್ಯೆ ಏರಿತು. ಶಾಲೆಗಳು ಸಾಲದಾದವು. ಅವಸರದಲ್ಲಿ ಕಟ್ಟಿದ ಕಟ್ಟಡಗಳು ಯಾರಿಗೂ ತೃಪ್ತಿ ಕೊಡಲಿಲ್ಲ. ಇತ್ತ ಕಂಪೆನಿಗೆ ಒಳ್ಳೆಯ ಎಂಜಿನಿಯರುಗಳು ಬೇಕು. ಸಂಬಳ ಎಷ್ಟಿದ್ದರೇನು, ಮಕ್ಕಳಿಗೆ ಒಳ್ಳೆಯ ಶಾಲೆಯಿಲ್ಲದ ಊರಿಗೆ ಯಾರು ಬಂದಾರು? ಊರು ಸೊರಗಿದರೆ ಉದ್ಯಮವೂ ಸೊರಗುತ್ತದೆ ಎಂಬ ಲೆಕ್ಕ ಮಿಲ್ಲರ್ ಅವರಿಗೆ ಸ್ಪಷ್ಟವಾಗಿತ್ತು.

ಅವರು ಕಂಡುಕೊಂಡ ಉಪಾಯ ಸರಳ. ಹೊಸ ಶಾಲೆಯ ನಕ್ಷೆ ಮಾಡುವ ವಾಸ್ತುಶಿಲ್ಪಿಯ ಶುಲ್ಕವನ್ನು ಕಮ್ಮಿನ್ಸ್ ಪ್ರತಿಷ್ಠಾನ ಭರಿಸುತ್ತದೆ. ಷರತ್ತು ಒಂದೇ: ತಜ್ಞರು ಸಿದ್ಧಪಡಿಸಿದ ಪಟ್ಟಿಯಿಂದಲೇ ವಾಸ್ತುಶಿಲ್ಪಿಯನ್ನು ಆರಿಸಬೇಕು. ಪಟ್ಟಿಯಲ್ಲಿ ಯಾರನ್ನು ಆರಿಸಬೇಕು, ಎಷ್ಟು ಖರ್ಚು ಮಾಡಬೇಕು, ಕಟ್ಟಡ ಹೇಗಿರಬೇಕು ಎಂಬುದೆಲ್ಲ ಶಾಲಾ ಮಂಡಳಿಗೆ ಬಿಟ್ಟದ್ದು. ಕಟ್ಟುವ ಖರ್ಚು ಊರವರ ತೆರಿಗೆಯ ಹಣದಿಂದಲೇ ಬರಬೇಕು.

ಈ ಏರ್ಪಾಟಿನ ಜಾಣ್ಮೆ ಇರುವುದು ಇಲ್ಲಿಯೇ. ಕಟ್ಟಡದ ಒಟ್ಟು ವೆಚ್ಚದಲ್ಲಿ ನಕ್ಷೆಯ ಶುಲ್ಕ ಸಣ್ಣ ಪಾಲು. ಆದರೆ ಕಟ್ಟಡ ಚೆನ್ನಾಗುವುದೂ ಕೆಡುವುದೂ ಆ ನಕ್ಷೆಯಲ್ಲಿಯೇ. ಸಣ್ಣ ಊರಿನ ಮಂಡಳಿ ಸಾಮಾನ್ಯವಾಗಿ ಮೊದಲು ಉಳಿಸಲು ನೋಡುವುದೂ ಅದೇ ಹಣವನ್ನು. ದಾನಿ ಇಡೀ ಕಟ್ಟಡವನ್ನೇ ಕಟ್ಟಿಸಿಕೊಟ್ಟಿದ್ದರೆ ಊರವರು ಕೈಮುಗಿದು ಸುಮ್ಮನಾಗುತ್ತಿದ್ದರು. ಇಲ್ಲಿ ಊರವರೇ ಕೂತು ಚರ್ಚಿಸಬೇಕು, ಜಗಳವಾಡಬೇಕು, ತೀರ್ಮಾನಿಸಬೇಕು, ಹಣ ಹೊಂದಿಸಬೇಕು. ಹಾಗಾಗಿ ಕಟ್ಟಡ ಊರವರದ್ದೇ ಆಯಿತು.

ಹ್ಯಾರಿ ವೀಸ್ ರೂಪಿಸಿದ ಮೊದಲ ಶಾಲೆ 1957ರಲ್ಲಿ ಸಿದ್ಧವಾಯಿತು. ಜನಕ್ಕೆ ಹಿಡಿಸಿತು. 1960ರಲ್ಲಿ ಇತರ ಸಾರ್ವಜನಿಕ ಕಟ್ಟಡಗಳಿಗೂ ಯೋಜನೆ ವಿಸ್ತರಿಸಿತು. ಅಗ್ನಿಶಾಮಕ ಠಾಣೆಗೆ ರಾಬರ್ಟ್ ವೆಂಚುರಿ, ಗ್ರಂಥಾಲಯಕ್ಕೆ ಐ. ಎಂ. ಪೇ, ಅಂಚೆ ಕಚೇರಿಗೆ ಕೆವಿನ್ ರೋಷ್ ನಕ್ಷೆ ಮಾಡಿದರು. ಇವರಲ್ಲಿ ಕೆಲವರು ಆಗಿನ್ನೂ ಹೆಸರು ಮಾಡುತ್ತಿದ್ದವರು.

ಸರಳುಗಳಿಲ್ಲದ ಬ್ಯಾಂಕು

ಊರವರಿಗೆ ಹೇಳುವ ಮೊದಲು ಮಿಲ್ಲರ್ ತಾವೇ ಮಾಡಿ ತೋರಿಸಿದ್ದರು. ಮನೆತನದ ಬ್ಯಾಂಕಿಗೆ 1954ರಲ್ಲಿ ಹೊಸ ಕಟ್ಟಡ ಕಟ್ಟಿಸಿದಾಗ ಗೆಳೆಯ ಈರೋ ಸಾರಿನೆನ್ ಅವರಿಂದ ನಕ್ಷೆ ಮಾಡಿಸಿದರು. ದಪ್ಪ ಕಂಬಗಳಿಲ್ಲ, ಗುಮಾಸ್ತರ ಮುಂದೆ ಕಬ್ಬಿಣದ ಸರಳುಗಳಿಲ್ಲ. ಸುತ್ತಲೂ ಗಾಜು. ಹೊಲದಿಂದ ಬಂದ ರೈತನೂ ಅಳುಕದೆ ಒಳಗೆ ಕಾಲಿಡುವಂಥ ಬ್ಯಾಂಕು.

ಊರಿನ ಹೊರಗೂ ಅವರ ಮಾತಿಗೆ ತೂಕವಿತ್ತು. ಅಮೆರಿಕದ ರಾಷ್ಟ್ರೀಯ ಚರ್ಚುಗಳ ಮಂಡಳಿಗೆ 1960ರಿಂದ 1963ರವರೆಗೆ ಅಧ್ಯಕ್ಷರಾಗಿದ್ದರು. ಪಾದ್ರಿಯಲ್ಲದವರೊಬ್ಬರು ಆ ಸ್ಥಾನಕ್ಕೇರಿದ್ದು ಅದೇ ಮೊದಲು. ಕರಿಯರ ನಾಗರಿಕ ಹಕ್ಕುಗಳ ಪರವಾಗಿ ಮಂಡಳಿಯನ್ನು ನಿಲ್ಲಿಸಿದರು. ಮಾರ್ಟಿನ್ ಲೂಥರ್ ಕಿಂಗ್ ಪಾಲ್ಗೊಂಡ 1963ರ ವಾಷಿಂಗ್ಟನ್ ಮೆರವಣಿಗೆಗೆ ಬೆಂಬಲ ಕೊಟ್ಟರು. 1967ರಲ್ಲಿ ಎಸ್ಕ್ವೈರ್ ಪತ್ರಿಕೆ ಅವರ ಚಿತ್ರವನ್ನು ಮುಖಪುಟದಲ್ಲಿ ಹಾಕಿ, ಮುಂದಿನ ರಾಷ್ಟ್ರಾಧ್ಯಕ್ಷ ಇವರೇ ಆಗಬೇಕು ಎಂದಿತು. ಮಿಲ್ಲರ್ ಕೊಲಂಬಸ್ ಬಿಟ್ಟು ಕದಲಲಿಲ್ಲ.

ಎಂಬತ್ತರಲ್ಲಿ ಬಂದ ಪರೀಕ್ಷೆ

ನಿಜವಾದ ಪರೀಕ್ಷೆ ಬಂದದ್ದು 1989ರಲ್ಲಿ. ಕಂಪೆನಿಗಳನ್ನು ಕೊಂಡು ಅವುಗಳ ಭಾಗಗಳನ್ನು ಮಾರುವುದಕ್ಕೆ ಹೆಸರಾಗಿದ್ದ ಬ್ರಿಟನ್ನಿನ ಹ್ಯಾನ್ಸನ್ ಸಂಸ್ಥೆ ಕಮ್ಮಿನ್ಸ್ ಷೇರುಗಳನ್ನು ಸದ್ದಿಲ್ಲದೆ ಖರೀದಿಸಿತ್ತು. ಕಂಪೆನಿ ಕೈಬಿಟ್ಟರೆ ಊರಿನ ಗತಿಯೇನು? ಎಂಬತ್ತರ ಮಿಲ್ಲರ್ ಮತ್ತು ಅವರ ಕುಟುಂಬ 7 ಕೋಟಿ 20 ಲಕ್ಷ ಡಾಲರ್ ತೆತ್ತು ಆ ಷೇರುಗಳನ್ನು ಬಿಡಿಸಿಕೊಂಡರು. ಅದು ಮಾರುಕಟ್ಟೆ ಬೆಲೆಗಿಂತ ಹೆಚ್ಚಿನ ಮೊತ್ತ. ವ್ಯವಹಾರದ ದೃಷ್ಟಿಯಿಂದ ನಷ್ಟವೇ. ಆದರೆ ಕಂಪೆನಿ ಊರಲ್ಲಿ ಉಳಿಯಿತು.

ಒಂದೇ ಕಂಪೆನಿಯನ್ನು, ಒಂದೇ ಮನೆತನವನ್ನು ಇಷ್ಟೊಂದು ನೆಚ್ಚಿಕೊಳ್ಳುವುದು ಊರಿಗೆ ಒಳ್ಳೆಯದೇ ಎಂಬ ಪ್ರಶ್ನೆ ಉಳಿಯುತ್ತದೆ. ಕಟ್ಟುವುದು ಒಂದು ಕಷ್ಟ, ಕಾಪಾಡುವುದು ಇನ್ನೊಂದು. ಸಾರಿನೆನ್ ನಕ್ಷೆ ಮಾಡಿದ, 1964ರಲ್ಲಿ ಪೂರ್ಣಗೊಂಡ ನಾರ್ತ್ ಕ್ರಿಶ್ಚಿಯನ್ ಚರ್ಚಿನಲ್ಲಿ ಭಕ್ತರ ಸಂಖ್ಯೆ ಕುಗ್ಗಿ 2022ರಲ್ಲಿ ಪ್ರಾರ್ಥನೆಯೇ ನಿಂತಿತು. ಆ ಕಟ್ಟಡವನ್ನು ಪಾಳುಬೀಳಲು ಬಿಡದೆ ಸಾರ್ವಜನಿಕ ಗ್ರಂಥಾಲಯ ವಹಿಸಿಕೊಂಡಿತು.

ಮಿಲ್ಲರ್ 2004ರ ಆಗಸ್ಟ್ 16ರಂದು, 95ನೇ ವಯಸ್ಸಿನಲ್ಲಿ, ತಮ್ಮ ಊರಲ್ಲೇ ಕಣ್ಣುಮುಚ್ಚಿದರು. ವೀಸ್ ರೂಪಿಸಿದ ಆ ಮೊದಲ ಶಾಲೆಯಲ್ಲಿ ಇಂದಿಗೂ ಪಾಠ ನಡೆಯುತ್ತದೆ. ಅದಕ್ಕೆ ಇಟ್ಟಿರುವುದು ದಾನಿಯ ಹೆಸರನ್ನಲ್ಲ. ಲಿಲಿಯನ್ ಶ್ಮಿಟ್ ಎಂಬ ಮಹಿಳೆಯ ಹೆಸರನ್ನು.